ಒಂದು ಚಳಿಗಾಲದ ಪೆಟ್ರೋಲ್ ಗಾಡಿ

ಅಲ್ ಥುಮಾಮಾ, ದೋಹಾ
14 ಸೆಪ್ಟೆಂಬರ್ 2024

ಪೂಜ್ಯ ಮಾವನವರಿಗೆ ಪೃಥ್ವಿರಾಜನ ನಮಸ್ಕಾರಗಳು.

ನಾನೂ ಮೋಕ್ಷಾಳೂ ಇಲ್ಲಿ ಕ್ಷೇಮ. ಶುಕ್ರವಾರ ಅವಳು ಪೂವಕ್ಕನ ಜೊತೆ ಫೋನಿನಲ್ಲಿ ಮಾತಾಡಿದ್ದಾಳೆ, ಸಮಾಚಾರ ನಿಮಗೆ ಮುಟ್ಟಿರಬೇಕು. ನಿಮ್ಮ ಕಿವಿ ಬೋಟಿನ ಎಂಜಿನ್ನುಗಳ ಪಾಲಾದ ಮೇಲೆ ನಿಮ್ಮ ಜೊತೆ ಮಾತು ಅಂದರೆ ಕಾಗದವೇ. ನಿಮ್ಮ ಅಕ್ಕನ ಬಟನ್ ಫೋನಿಗೆ ಏನಾದರೂ ಬರೆದು ಕಳಿಸಿದರೆ ನೀವು ಅದನ್ನು ಓದುವ ಬದಲು ಬಿಚ್ಚಿ ನೋಡುತ್ತೀರಿ ಅಂತ ನಿಮ್ಮ ಮಗಳು ಹೇಳುತ್ತಾಳೆ.

ಇದನ್ನು ನಮ್ಮ ಆಫೀಸಿನ ನೌಶಾದ್ ತರುತ್ತಿದ್ದಾನೆ. ಉಳ್ಳಾಲದವನು, ಮಲ್ಪೆಯವರೆಗೆ ಬಂದು ಕೊಟ್ಟೇ ಹೋಗುತ್ತೇನೆ ಅಂದಿದ್ದಾನೆ. ಲಕೋಟೆ ಅಂಟಿಸಿಲ್ಲ. ಕೈಯಲ್ಲಿ ಕಳಿಸುವ ಕಾಗದವನ್ನು ಅಂಟಿಸಿದರೆ ತರುವವನ ಮೇಲೆ ಸಂಶಯಪಟ್ಟ ಹಾಗೆ ಅಂತ ಮದುವೆಯ ಹೊಸದರಲ್ಲಿ ನೀವು ನನಗೆ ಬೈದದ್ದು ಇನ್ನೂ ನೆನಪಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಾವೊಂದು ಕಾರವಾನ್ ತೆಗೆದುಕೊಂಡಿದ್ದೇವೆ. ಗಾಲಿಯ ಮೇಲೆ ಕೂರಿಸಿದ ಒಂದು ಕೋಣೆ ಅಂತ ತಿಳಿಯಿರಿ. ಮಲಗಲು ಜಾಗ, ಒಂದು ಸಣ್ಣ ಒಲೆ, ಒಂದು ಕಿಟಕಿ. ನನ್ನ ಗೆಳೆಯ ಸಲಾಂನ ಗ್ಯಾರೇಜಿನ ಹಿಂದೆ ಬಿದ್ದಿತ್ತು. ಅವನ ಅರಬಿ ಮಾಲೀಕ, ತೆಗೆದುಕೊಂಡು ಹೋದರೆ ಸಾಕು ಅಂದ. ಚಳಿಗಾಲದಲ್ಲಿ ಇಲ್ಲಿಯವರು ಸೀಲೈನ್ ಕಡೆ ಮರಳಿನಲ್ಲಿ ಬಿಡಾರ ಹಾಕುತ್ತಾರೆ. ನಾವೂ ಕೆಲವು ದಿನ ಸಮುದ್ರದ ಪಕ್ಕ ಇರೋಣ ಅಂತ ಮೋಕ್ಷಾಳಿಗೆ ಆಸೆ. ಒಂದೂವರೆ ಟನ್ನಿನ ಅದನ್ನು ಎಳೆಯಲು ಒಂದು ಹಳೆಯ ಪಿಕಪ್ ಬೇಕು.

ಸಲಾಂ ಎರಡು ಗಾಡಿ ನೋಡಿಟ್ಟಿದ್ದಾನೆ. ಒಂದು ಪೆಟ್ರೋಲ್, ಎಂಟು ಸಿಲಿಂಡರ್, ಎಂಬತ್ತು ಸಾವಿರ ಕಿಲೋಮೀಟರ್ ಓಡಿದ್ದು. ಇನ್ನೊಂದು ಡೀಸೆಲ್, ನಾಲ್ಕು ಸಿಲಿಂಡರ್, ಎರಡು ಲಕ್ಷದ ಮೇಲೆ ಓಡಿದ್ದು. ನಾನು ಆಫೀಸಿನಲ್ಲಿ ಫೈಲು ಹೊಂದಿಸುವವನು, ನನಗೆ ಇದರಲ್ಲಿ ಏನೂ ತಿಳಿಯುವುದಿಲ್ಲ. ನೀವು ಯಾವುದು ಅನ್ನುತ್ತೀರಿ?

ಇತಿ, ಪೃಥ್ವಿರಾಜ್

*

ಮಲ್ಪೆ
2 ಅಕ್ಟೋಬರ್ 2024

ಚಿರಂಜೀವಿ ಪೃಥ್ವಿರಾಜನಿಗೆ ತನಿಯನ ಆಶೀರ್ವಾದ.

ಕಾಗದ ಮುಟ್ಟಿತು. ನೌಶಾದ್ ಒಳ್ಳೆಯ ಜನ. ಪೂವಕ್ಕ ಬಡಿಸಿದ ಬಂಗುಡೆ ಪುಳಿಮುಂಚಿಯನ್ನು ಎರಡು ಸಲ ಹಾಕಿಸಿಕೊಂಡು, ಮೂರನೆಯ ಸಲಕ್ಕೆ ನಾಚಿಕೊಂಡ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ಕಂಡಿದ್ದೇನೆ. ಎಳೆಯುವ ಗಾಡಿ ಇಲ್ಲದೆ ಎಳೆಸಿಕೊಳ್ಳುವ ಗಾಡಿ ಕೊಂಡವನನ್ನು ಈಗ ಕಂಡೆ. ಇರುವ ಮನೆ ಬಿಟ್ಟು ಮರಳಿನಲ್ಲಿ ಮಲಗುವುದು ಯಾವ ಸೀಮೆಯ ಸುಖ? ನನ್ನ ಮಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡ. ನಾನು ಹಾಗೆ ಆಡಿಸಿಯೇ ಅವಳು ಹೀಗಾದದ್ದು.

ಡೀಸೆಲ್. ಇದರಲ್ಲಿ ಕೇಳುವುದಕ್ಕೆ ಏನುಂಟು? ಪಿಕಪ್ಪು ಬೇರೆ, ಪುಲ್ಲಿಂಗು ಬೇರೆ. ಪೆಟ್ರೋಲಿಗೆ ಪಿಕಪ್ಪು ಉಂಟು, ತುಳಿದ ಕೂಡಲೇ ಹಾರುತ್ತದೆ. ಬೆನ್ನಿಗೆ ಒಂದೂವರೆ ಟನ್ ಕಟ್ಟಿದ ಮೇಲೆ ಹಾರಿ ಎಲ್ಲಿಗೆ ಹೋಗುತ್ತೀ? ಆಗ ಬೇಕಾದದ್ದು ಪುಲ್ಲಿಂಗು. ಡೀಸೆಲ್ ಎಂಜಿನ್ನು ಕಡಿಮೆ ಸುತ್ತಿನಲ್ಲೇ ಭಾರ ಹಿಡಿಯುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಎರಡು ಲಕ್ಷ ಓಡಿದೆ ಅಂತ ಹೆದರಬೇಡ, ಡೀಸೆಲಿಗೆ ಅದು ನಡುಪ್ರಾಯ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದರೆ ಇನ್ನು ಹತ್ತು ವರ್ಷ ನಿಮ್ಮನ್ನು ಎಳೆಯುತ್ತದೆ, ದೇವರು ಕೊಟ್ಟರೆ ನಿಮ್ಮ ಮಕ್ಕಳನ್ನೂ ಎಳೆಯುತ್ತದೆ. ಪೆಟ್ರೋಲ್ ಅವಸರದವನಿಗೆ. ಬಾಳುವವನಿಗೆ ಡೀಸೆಲ್.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿಸು. ಹೊಗೆ ಸ್ವಲ್ಪ ಕಪ್ಪಾದರೆ ಚಿಂತೆಯಿಲ್ಲ, ನೀಲಿಯಾದರೆ ಎದ್ದು ಬಾ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿ ಹಿಡಿ, ಒಳಗಿನ ಸಂಗತಿ ಗೊತ್ತಾಗುತ್ತದೆ. ನಾನೀಗ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತೇನೆ. ಬೋಟು ಕಟ್ಟುವ ದಕ್ಕೆಯಲ್ಲಿ ಎಲ್ಲರೂ ನಗುತ್ತಾರೆ, ಆದರೆ ಎಂಜಿನ್ ಕೆಟ್ಟಾಗ ನನ್ನ ಹತ್ತಿರವೇ ಬರುತ್ತಾರೆ.

ಏಪ್ರಿಲಿನಲ್ಲಿ ಊರಿಗೆ ಬರುವಾಗ ಆ ಹಸಿರು ನೋವಿನೆಣ್ಣೆ ಎರಡು ಬಾಟಲಿ ತರುವುದು.

ತನಿಯ

*

ಅಲ್ ಥುಮಾಮಾ
20 ಅಕ್ಟೋಬರ್ 2024

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಾವು ಚೆನ್ನಾಗಿದ್ದೇವೆ. ನಿಮ್ಮ ಕಾಗದವನ್ನು ಮೋಕ್ಷಾ ನಿಮ್ಮ ಹಾಗೆಯೇ ಹುಬ್ಬು ಗಂಟಿಕ್ಕಿ, ಗಟ್ಟಿಯಾಗಿ ಓದಿದಳು. ಪುಲ್ಲಿಂಗು ಅನ್ನುವಲ್ಲಿ ಮುಷ್ಟಿ ಕೂಡ ಬಿಗಿದಳು. ನಕ್ಕು ನಕ್ಕು ಕೆಮ್ಮು ಬಂತು. ಎರಡು ದಿನ ಬಿಟ್ಟು ಮತ್ತೊಮ್ಮೆ ಓದಿಸಿಕೊಂಡಳು. ನೀವು ಹೀಗೆಯೇ ಬರೆಯುತ್ತಿರಿ.

ಗಾಡಿಯ ವಿಷಯದಲ್ಲಿ ಎರಡು ತೊಡಕು ಇವೆ. ಊರಿನ ಹಾಗೆ ಇಲ್ಲಿ ಡೀಸೆಲ್ ಅಗ್ಗವಲ್ಲ, ಎರಡಕ್ಕೂ ಹೆಚ್ಚು ಕಡಿಮೆ ಒಂದೇ ದರ. ಎರಡನೆಯದು ಅಲುಗಾಟ. ಡೀಸೆಲ್ ಗಾಡಿಯನ್ನು ಸಲಾಂ ನಮ್ಮ ಬಾಗಿಲಿಗೇ ತಂದಿದ್ದ. ಮೋಕ್ಷಾಳನ್ನು ಕೂರಿಸಿಕೊಂಡು ರಸ್ತೆಯ ತಿರುವಿನವರೆಗೆ ಹೋಗಿ ಬಂದೆವು. ಎಂಜಿನ್ನಿನ ನಡುಕ ಸೀಟಿನವರೆಗೂ ಬರುತ್ತದೆ. ಅವಳಿಗೆ ಅದು ಸರಿ ಕಾಣಲಿಲ್ಲ. ನಜ್ಮಾ ಪೇಟೆಯ ಟೈಲರ್ ಅಂಗಡಿಯಲ್ಲಿ ಇಷ್ಟು ವರ್ಷ ಬಗ್ಗಿ ಹೊಲಿದು ಹೊಲಿದು ಅವಳಿಗೆ ಬೆನ್ನುನೋವು ಬಂದಿದೆ. ಸದ್ಯಕ್ಕೆ ಅಂಗಡಿಗೆ ರಜೆ ಹಾಕಿದ್ದಾಳೆ. ಚಿಂತೆ ಮಾಡುವಂಥದ್ದಲ್ಲ. ಪೆಟ್ರೋಲ್ ಗಾಡಿ ಮಾತ್ರ ನಿಂತಲ್ಲಿ ಓಡುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಕಾರವಾನಿನ ಮುಂದೆ ನಿಂತು ತೆಗೆದ ಅವಳ ಫೋಟೋ ಇಟ್ಟಿದ್ದೇನೆ. ಇಲ್ಲಿ ಗಾಳಿಯಲ್ಲಿ ಧೂಳು ಜಾಸ್ತಿ, ಅದಕ್ಕೇ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ.

ನಿಮ್ಮ ಉತ್ತರ ನೋಡಿ ನಿರ್ಧಾರ ಮಾಡುತ್ತೇವೆ.

ಪೃಥ್ವಿರಾಜ್

*

ಮಲ್ಪೆ
8 ನವೆಂಬರ್ 2024

ಚಿರಂಜೀವಿ ಪೃಥ್ವಿರಾಜನಿಗೆ ಆಶೀರ್ವಾದ.

ಡೀಸೆಲ್ ನಡುಗುತ್ತದೆ ಅಂತ ದೂರುವವಳು ಯಾರ ಮಗಳು ಅಂತ ಅವಳನ್ನು ಕೇಳು. ತಾಯಿ ಹೋದ ಮೇಲೆ ಅವಳನ್ನು ಬಿಟ್ಟು ಬರಲು ಜಾಗವಿಲ್ಲದೆ ದಕ್ಕೆಗೇ ಕರೆದುಕೊಂಡು ಹೋಗುತ್ತಿದ್ದೆ. ನಾನು ಎಂಜಿನ್ ಓಡಿಸಿ ನೋಡುತ್ತಿದ್ದರೆ ಅವಳು ಅದರ ಪಕ್ಕದ ಹಲಗೆಯ ಮೇಲೆ ನಿದ್ದೆ ಹೋಗುತ್ತಿದ್ದಳು. ಎಂಜಿನ್ ನಿಲ್ಲಿಸಿದರೆ ಎದ್ದು ಅಳುತ್ತಿದ್ದಳು. ಆ ಹುಡುಗಿಗೆ ಈಗ ಪಿಕಪ್ಪಿನ ನಡುಕ ಆಗುವುದಿಲ್ಲವಂತೆ.

ಹೀಗೆ ಬೈದು ಮುಗಿಸಿದ ಮೇಲೆ ಫೋಟೋವನ್ನು ಇನ್ನೊಮ್ಮೆ ನೋಡಿದೆ. ಮದುವೆಗೆ ನಾನು ಕೊಟ್ಟ ವಾಚು ಮಣಿಕಟ್ಟು ಬಿಟ್ಟು ಮೊಣಕೈ ಕಡೆಗೆ ಜಾರಿದೆ. ಅವಳಿಗೆ ಊಟ ಸೇರುತ್ತಿಲ್ಲ. ಕೆಲಸಕ್ಕೆ ರಜೆ ಹಾಕಿದ್ದಾಳೆ. ಅಲುಗಾಟ ಆಗದು ಅನ್ನುತ್ತೀ. ಅಳಿಯ ಒಂದು ಮಾತನ್ನೂ ಬಿಟ್ಟುಕೊಡುತ್ತಿಲ್ಲ. ಪೂವಕ್ಕನಿಗೆ ತೋರಿಸಿದೆ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು ಅಂತ ನಮ್ಮಲ್ಲಿ ಉಂಟಲ್ಲ, ಹಾಗಾಗಿ ನಾನು ಕೇಳುವುದಿಲ್ಲ, ನೀನು ಹೇಳುವುದೂ ಬೇಡ. ಒಂಬತ್ತು ವರ್ಷ ಕಾದವರಿಗೆ ಇನ್ನು ನಾಲ್ಕು ವಾರ ದೊಡ್ಡದಲ್ಲ. ಪೂವಕ್ಕ ಲೇಹ್ಯ ಮಾಡಿ ಕೊಟ್ಟಿದ್ದಾಳೆ, ದಿನಕ್ಕೊಂದು ಚಮಚ. ನಾನು ಒಡೆದ ಬೋಟಿನ ಒಂದು ಒಳ್ಳೆಯ ಹಲಗೆ ತಂದು ಹೆರೆಯಲು ಶುರು ಮಾಡಿದ್ದೇನೆ. ಯಾವುದಕ್ಕೆ ಅಂತ ಬರೆಯುವುದಿಲ್ಲ.

ಅಲುಗಾಟಕ್ಕೆ ಮದ್ದು ಉಂಟು. ಎಂಜಿನ್ ಕೂರುವ ರಬ್ಬರು ನಾಲ್ಕನ್ನೂ ಹೊಸದು ಹಾಕಿಸು, ಅರ್ಧ ನಡುಕ ಹೋಗುತ್ತದೆ. ಕಾರವಾನಿನ ಸಾಮಾನನ್ನು ಹಿಂದಕ್ಕೆ ತುಂಬಬೇಡ, ಬಾಲ ಭಾರವಾದರೆ ಓಡುವಾಗ ಹಾವಿನ ಹಾಗೆ ಆಡುತ್ತದೆ. ಕೊಕ್ಕೆಯ ಕೆಳಗೆ ಎರಡು ಚೈನು ಅಡ್ಡಡ್ಡ ಹಾಕು. ಹೊರಡುವ ಮುಂಚೆ ಗಾಲಿಯ ಬೇರಿಂಗಿಗೆ ಗ್ರೀಸು ತುಂಬಿಸು.

ಇಷ್ಟರ ಮೇಲೂ ಪೆಟ್ರೋಲ್ ಅನ್ನುವುದಾದರೆ ಒಂದೇ ಪ್ರಶ್ನೆಗೆ ಉತ್ತರ ಬರೆ. ನನ್ನ ಹತ್ತಿರ ಎಂಜಿನ್ ತೆಗೆದುಕೊಳ್ಳಲು ಬಂದವರಿಗೆಲ್ಲ ಮೊದಲು ಇದನ್ನೇ ಕೇಳುತ್ತೇನೆ. ಎಷ್ಟು ವರ್ಷ ಓಡಿಸುತ್ತೀಯ?

ಬರುವಾಗ ನೋವಿನೆಣ್ಣೆ ಎರಡು ಬಾಟಲಿ. ಅಥವಾ ಬರುವುದೇ ಬೇಡ, ಅವಳು ವಿಮಾನ ಹತ್ತಬಾರದು ಅಂತಿದ್ದರೆ ಯಾರ ಕೈಯಲ್ಲಾದರೂ ಕಳಿಸು.

ತನಿಯ

*

ಅಲ್ ಥುಮಾಮಾ
26 ನವೆಂಬರ್ 2024

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಇದನ್ನು ಜೂಲಿಯೆಟ್ ತರುತ್ತಾರೆ. ಕಲ್ಯಾಣಪುರದವರು, ಇಲ್ಲಿ ನರ್ಸ್. ನಿಮ್ಮ ಎಣ್ಣೆಯನ್ನೂ ಅವರ ಕೈಯಲ್ಲೇ ಕಳಿಸಿದ್ದೇನೆ. ಬರುವ ತಿಂಗಳ ನಡುವೆ ದೋಹಾಕ್ಕೆ ಹಿಂತಿರುಗುತ್ತಾರೆ, ಉತ್ತರ ಅವರಲ್ಲೇ ಕೊಡಬಹುದು.

ನಿಮ್ಮ ಕಾಗದ ಬಂದು ಎಂಟು ದಿನವಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತೆ. ಹಲಗೆಯ ವಿಷಯ ಇರುವ ಭಾಗವನ್ನು ಮೋಕ್ಷಾ ಗಟ್ಟಿಯಾಗಿ ಓದಲಿಲ್ಲ, ಮನಸ್ಸಿನಲ್ಲೇ ಓದಿಕೊಂಡಳು. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಲೇಹ್ಯವನ್ನು ದಿನವೂ ತಿನ್ನುತ್ತಿದ್ದಾಳೆ. ಬೇರೆ ಏನೂ ಒಳಗೆ ಹೋಗದ ದಿನವೂ ಅದು ಹೋಗುತ್ತದೆ ಅಂತ ಪೂವಕ್ಕನಿಗೆ ಹೇಳಿ.

ಪೆಟ್ರೋಲ್ ಗಾಡಿಯನ್ನೇ ತೆಗೆದುಕೊಂಡೆವು. ಸಲಾಂನಿಗೂ ಮೊದಲು ಇದು ಸರಿಬರಲಿಲ್ಲ. ಕೀ ಕೊಡುವಾಗ ಮಾತ್ರ, "ಖಲಾಸ್ ಮಾರಾಯ, ಇನ್ನು ಆ ಡೀಸೆಲ್ ಸುದ್ದಿ ಬಿಡು. ಅವಳನ್ನು ಕರ್ಕೊಂಡು ಹೋಗುದು ಮುಖ್ಯ" ಅಂದ. ನೀವು ಹೇಳಿದ ಹಾಗೆ ಬೇರಿಂಗಿಗೆ ಗ್ರೀಸು ತುಂಬಿಸಿದ, ಚೈನು ಅಡ್ಡಡ್ಡ ಹಾಕಿದ. ನಾನು ಖಾಲಿ ಕಾರವಾನನ್ನು ಕಟ್ಟಿ ಎರಡು ಸಲ ಓಡಿಸಿ ಅಭ್ಯಾಸ ಮಾಡಿದೆ.

ಎಷ್ಟು ವರ್ಷ ಅಂತ ಕೇಳಿದ್ದೀರಿ. ಬೇರೆ ವಿಷಯದಲ್ಲಿ ಹೇಗೋ ಏನೋ, ಎಂಜಿನ್ನಿನ ವಿಷಯದಲ್ಲಿ ನಿಮಗೆ ಸುಳ್ಳು ಬರೆಯಲು ನನ್ನಿಂದ ಆಗುವುದಿಲ್ಲ. ವರ್ಷಗಳಿಲ್ಲ ಮಾವ. ಈ ಒಂದು ಚಳಿಗಾಲ ಓಡಿದರೆ ಸಾಕು.

ಪೃಥ್ವಿರಾಜ್

*

ಮಲ್ಪೆ
11 ಡಿಸೆಂಬರ್ 2024

ಪೃಥ್ವಿ,

ಈ ಲಕೋಟೆಯನ್ನು ಅಂಟಿಸಿದ್ದೇನೆ. ನನ್ನ ಆಯುಷ್ಯದಲ್ಲಿ ಕೈಯಲ್ಲಿ ಕಳಿಸುವ ಕಾಗದ ಅಂಟಿಸಿದ್ದು ಇದೇ ಮೊದಲು. ಅಂಟಿಸಿ ಕೊಡುತ್ತೇನೆ, ತಪ್ಪು ತಿಳಿಯಬೇಡಮ್ಮಾ ಅಂತ ಮೊದಲೇ ಜೂಲಿಯೆಟ್‌ಗೆ ಚೀಟಿ ಬರೆದು ತೋರಿಸಿದೆ. ಆ ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡಳು, ಎಷ್ಟು ಹೊತ್ತಾದರೂ ಬಿಡಲಿಲ್ಲ. ನಾನು ಅವಳನ್ನು ಏನೂ ಕೇಳಲಿಲ್ಲ, ಕೇಳಿ ಅವಳನ್ನು ಕಷ್ಟಕ್ಕೆ ಸಿಕ್ಕಿಸಬಾರದು.

ನಿನ್ನ ಕೊನೆಯ ಸಾಲನ್ನು ಓದಿ ಹೆರೆಯುತ್ತಿದ್ದ ಹಲಗೆಯನ್ನು ಕೆಳಗಿಟ್ಟೆ. ನೀನು ಚಪ್ಪಲಿ ಕೊಳ್ಳುವಾಗಲೂ ಮೂರು ವರ್ಷ ಬಾಳುತ್ತದೆಯೇ ಅಂತ ಕೇಳುವವನು. ಮನೆಗೆ ಮಗು ಬರುವುದಿದ್ದರೆ ನಿನ್ನಂಥವನು ಒಂದು ಚಳಿಗಾಲದ ಗಾಡಿ ತೆಗೆದುಕೊಳ್ಳುವುದಿಲ್ಲ. ನಡುಕ ಆಗದು, ಊಟ ಸೇರದು, ತಲೆಗೆ ಬಟ್ಟೆ, ನರ್ಸಿನ ಪರಿಚಯ. ಇಷ್ಟನ್ನೂ ಎದುರಿಗೆ ಇಟ್ಟುಕೊಂಡು ನಾನು ಕೂಡಿಸಿದ್ದೇ ತಪ್ಪಾಯಿತು. ಮಗು ಅಲ್ಲ. ನನ್ನ ಮಗಳಿಗೆ ದೊಡ್ಡ ಕಾಯಿಲೆ.

ಅವಳ ತಾಯಿ ಹೋದಾಗ ನಾನು ರತ್ನಗಿರಿಯಲ್ಲಿ ಒಂದು ಬೋಟಿನ ಎಂಜಿನ್ ಬಿಚ್ಚಿ ಕೂತಿದ್ದೆ. ಜ್ವರ, ಅವಸರವಿಲ್ಲ, ಕೆಲಸ ಮುಗಿಸಿ ಬಾ ಅಂತ ಊರಿನವರು ಹೇಳಿ ಕಳಿಸಿದರು. ನಂಬಿದೆ. ಎಂಜಿನ್ ಕೂಡಿಸಿ, ಓಡಿಸಿ ನೋಡಿ, ಕೈ ತೊಳೆದು ಹೊರಟೆ. ಬಂದು ತಲುಪುವಾಗ ಬೂದಿ ಕೂಡ ತಣ್ಣಗಾಗಿತ್ತು. ಮೋಕ್ಷಾಳಿಗೆ ಆಗ ಆರು ವರ್ಷ. ಯಾಕೆ ಲೇಟು ಮಾಡಿದಿರಿ ಅಪ್ಪ ಅಂತ ಅವಳು ಕೇಳಿದ್ದನ್ನು ನಾನು ಮರೆತಿಲ್ಲ, ಅವಳೂ ಮರೆತಿರಲಿಕ್ಕಿಲ್ಲ. ಅಂಥವಳು ನನಗೆ ಹೇಳಬೇಡಿ ಅಂದಿದ್ದಾಳೆ ಅಂದರೆ ಕಾರಣ ಇರಬೇಕು. ನನಗೆ ಕೋಪವಿಲ್ಲ. ಕಾರಣ ಮಾತ್ರ ಬರೆ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ಅರವತ್ತೆಂಟು ವರ್ಷದಲ್ಲಿ ಸಮುದ್ರದ ಮೇಲೆ ಎಲ್ಲೆಲ್ಲೋ ಹೋಗಿದ್ದೇನೆ, ಯಾರೂ ಒಂದು ಪುಸ್ತಕ ಕೇಳಿರಲಿಲ್ಲ. ಈಗ ಹುಟ್ಟಿದ ದಿನದ ದಾಖಲೆ ಬೇಕಂತೆ. ಶಾಲೆಯ ಪುಸ್ತಕದಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅಲೆಯುತ್ತಿದ್ದೇನೆ.

ನನಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳಬೇಡ. ಇದರ ಜೊತೆ ಅಂಟಿಸದ ಇನ್ನೊಂದು ಕಾಗದ ಇಟ್ಟಿದ್ದೇನೆ. ಅದು ಅವಳಿಗೆ ಓದಲು.

ತನಿಯ

*

ಮಲ್ಪೆ
11 ಡಿಸೆಂಬರ್ 2024

ಪೆಟ್ರೋಲ್ ಗಾಡಿಯ ಶ್ರೀಮಂತರಿಗೆ ಮಲ್ಪೆಯ ಬಡ ಡೀಸೆಲ್ ಮೆಕ್ಯಾನಿಕ್ ಮಾಡುವ ಆಶೀರ್ವಾದ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ. ಎಂಟು ಸಿಲಿಂಡರ್ ಅಂತೆ. ಎಂಟು ಬಾಯಿ ಇರುವ ಎಮ್ಮೆಯನ್ನು ಕಟ್ಟಿಕೊಂಡಿದ್ದೀರಿ, ಮೇಯಿಸಿ. ಮರಳಿನಲ್ಲಿ ಹೂತುಹೋದರೆ ನನಗೆ ಹೇಳಿ ಕಳಿಸಬೇಡಿ, ಯಾವನಾದರೂ ಡೀಸೆಲ್ ಗಾಡಿಯವನು ಬಂದು ಎಳೆಯುತ್ತಾನೆ. ಅವನ ಮುಂದೆ ತಲೆ ತಗ್ಗಿಸಿ ನಿಲ್ಲುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಮರಳಿಗೆ ಇಳಿಯುವ ಮುಂಚೆ ಟಯರಿನ ಗಾಳಿ ಅರ್ಧಕ್ಕೆ ಇಳಿಸಬೇಕು, ಅದಾದರೂ ನಿಮ್ಮ ಪೆಟ್ರೋಲ್ ತಲೆಗೆ ಹೋಗುತ್ತದೋ ನೋಡೋಣ.

ಪೂವಕ್ಕ ಚೆನ್ನಾಗಿದ್ದಾಳೆ. ಬೆಕ್ಕು ಮರಿ ಹಾಕಿದೆ, ಮೂರು. ಬಿಸಿಲಿಗೆ ಹಾಕಿದ ಒಣಮೀನನ್ನು ಕಾಯುವುದೇ ಅವಳಿಗೆ ಕೆಲಸ.

ಸಮುದ್ರದ ಗಾಳಿ ಕಿವಿಗೆ ಬಡಿಯದ ಹಾಗೆ ಬಟ್ಟೆ ಕಟ್ಟಿಕೋ ಮಗಾ.

ಅಪ್ಪ

*

ಅಲ್ ಥುಮಾಮಾ
9 ಜನವರಿ 2025

ಪೂಜ್ಯ ಮಾವನವರಿಗೆ,

ನಾನೂ ಅಂಟಿಸಿದ್ದೇನೆ. ತರುವ ನೌಶಾದನಿಗೆ ಮೊದಲೇ ಹೇಳಿದ್ದೇನೆ.

ಕಾಯಿಲೆ ಎದೆಯಲ್ಲಿ ಶುರುವಾದದ್ದು, ಈಗ ಎಲುಬಿಗೆ ಇಳಿದಿದೆ. ಆಗಸ್ಟಿನಲ್ಲಿ ಗೊತ್ತಾಯಿತು. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ವಿಮಾನ ಹತ್ತಿಸಬೇಡಿ ಅಂದರು ಡಾಕ್ಟರು. ಸಣ್ಣ ಅಲುಗಾಟವೂ ಅವಳಿಗೆ ಚಾಕು ಹಾಕಿದ ಹಾಗೆ. ಡೀಸೆಲ್ ಗಾಡಿಯಲ್ಲಿ ತಿರುವಿನವರೆಗೆ ಹೋಗಿ ಬಂದಾಗ ತುಟಿ ಕಚ್ಚಿ ರಕ್ತ ಬಂದಿತ್ತು.

ಕಾರಣ ಕೇಳಿದ್ದೀರಿ. ನಾನು ಅವಳ ಜೊತೆ ಜಗಳವನ್ನೇ ಆಡಿದ್ದೆ. ಅವಳು ಹೇಳಿದ್ದು ಇಷ್ಟೇ: "ಅಪ್ಪನಿಗೆ ಗೊತ್ತಾದ್ರೆ ಮತ್ತೆ ಬೈಲಿಕ್ಕಿಲ್ಲ. ಹುಷಾರಾ ಮಗಾ, ಹೇಗಿದ್ದೀ ಮಗಾ ಅಂತ ಮಾತ್ರ ಬರೀತಾರೆ. ಇಲ್ಲಿ ಎಲ್ಲರೂ ಅದನ್ನೇ ಹೇಳ್ತಾರಲ್ಲ. ನನಗೆ ಬೈಯುವವರು ಒಬ್ಬರಾದ್ರೂ ಬೇಕು." ಡೀಸೆಲ್ಲೋ ಪೆಟ್ರೋಲೋ ಅಂತ ನಿಮ್ಮನ್ನು ಕೇಳು ಅಂದವಳೂ ಅವಳೇ. ನಿಮ್ಮ ಒಂದೊಂದು ಕಾಗದವೂ ಅವಳಿಗೆ ಎರಡು ಮೂರು ವಾರದ ಊಟ.

ಡಿಸೆಂಬರ್ ಇಪ್ಪತ್ತೆರಡಕ್ಕೆ ಹೊರಟೆವು. ಸಲಾಂನ ಮಾಲೀಕ ತನ್ನ ಬಿಡಾರದ ಪಕ್ಕ ಜಾಗ ಬಿಟ್ಟುಕೊಟ್ಟಿದ್ದ. ಸೀಟಿಗೆ ಮೂರು ದಿಂಬು ಹಾಕಿ, ನಲವತ್ತರ ಮೇಲೆ ಹೋಗದೆ ಓಡಿಸಿದೆ. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಅಷ್ಟು ದೂರಕ್ಕೂ ಅವಳು ಒಮ್ಮೆಯೂ ನರಳಲಿಲ್ಲ. ನೀವು ಹೇಳಿದ ಹಾಗೆ ಟಯರಿನ ಗಾಳಿ ಇಳಿಸಿದೆ, ಹೂತುಹೋಗಲಿಲ್ಲ. ಇದನ್ನು ಮಾತ್ರ ಅಪ್ಪನಿಗೆ ದೊಡ್ಡದಾಗಿ ಬರೀಬೇಕು ಅಂದಳು.

ಹನ್ನೊಂದು ದಿನ ಇದ್ದೆವು. ಕಿಟಕಿ ತೆರೆದರೆ ಸಮುದ್ರ. ಮೊದಲ ಎರಡು ದಿನ ಅವಳಿಗೆ ನಿದ್ದೆ ಬರಲಿಲ್ಲ. ಇಲ್ಲಿಯ ಸಮುದ್ರಕ್ಕೆ ಮಲ್ಪೆಯ ಅಲೆ ಇಲ್ಲ, ಸದ್ದಿಲ್ಲದೆ ಬಂದು ಹೋಗುತ್ತದೆ. ಮೂರನೆಯ ದಿನ ಪಕ್ಕಕ್ಕೆ ಒಂದು ದೊಡ್ಡ ಕುಟುಂಬ ಬಂದು ಬಿಡಾರ ಹಾಕಿತು. ಕರೆಂಟಿಗೆ ಅಂತ ಡೀಸೆಲ್ ಜನರೇಟರ್ ಇಟ್ಟರು. ಅದು ಇಡೀ ದಿನ ಗುಡುಗುಡು ಅನ್ನುತ್ತಿತ್ತು. ಅವಳಿಗೆ ತೊಂದರೆ ಆಗುತ್ತದೆ ಅಂತ ನಾನು ದೂರ ಇಡಲು ಹೇಳಲಿಕ್ಕೆ ಎದ್ದೆ. ಅವಳು ನನ್ನ ಅಂಗಿ ಹಿಡಿದಳು. ಅದನ್ನು ಕೇಳುತ್ತಾ ನಿದ್ದೆ ಹೋದಳು ಮಾವ. ಆಗಸ್ಟಿನಿಂದ ಅಂಥ ನಿದ್ದೆ ನಾನು ಕಂಡಿರಲಿಲ್ಲ. ಉಳಿದ ದಿನವೂ ಹಾಗೆಯೇ ಮಲಗಿದಳು. ಅವರು ಜನರೇಟರ್ ನಿಲ್ಲಿಸಿದರೆ ಎಚ್ಚರವಾಗುತ್ತಿತ್ತು.

ಈಗ ಮನೆಗೆ ಬಂದಿದ್ದೇವೆ. ಆಮ್ಲಜನಕದ ಯಂತ್ರ ತಂದಿಟ್ಟಿದ್ದಾರೆ. ಆದಷ್ಟು ಬೇಗ ಬನ್ನಿ.

ಪೃಥ್ವಿ

*

ಮಲ್ಪೆ
25 ಜನವರಿ 2025

ಮೋಕ್ಷಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಗಂಡ ಎಂಟು ಸಿಲಿಂಡರನ್ನು ಹೇಗೆ ಸಾಕುತ್ತಿದ್ದಾನೆ ಅಂತ ಪರೀಕ್ಷೆ ಮಾಡಲು ನಾನೇ ಬರುತ್ತಿದ್ದೇನೆ. ಪಾಸ್‌ಪೋರ್ಟ್ ಕೈಗೆ ಬಂತು. ಫೋಟೋದಲ್ಲಿ ಕಳ್ಳನ ಹಾಗೆ ಕಾಣುತ್ತೇನೆ ಅಂತ ಪೂವಕ್ಕ ನಗುತ್ತಾಳೆ. ಫೆಬ್ರವರಿ ಎಂಟಕ್ಕೆ ಮಂಗಳೂರಿನಿಂದ ವಿಮಾನ. ಸ್ಕ್ರೂಡ್ರೈವರ್ ಕೈಚೀಲದಲ್ಲಿ ಬಿಡುವುದಿಲ್ಲವಂತೆ, ಪೆಟ್ಟಿಗೆಯಲ್ಲಿ ಹಾಕಿ ತರುತ್ತೇನೆ.

ಗಾಡಿಯನ್ನು ತೊಳೆದು ಇಡಿ. ತಪ್ಪು ಹುಡುಕಲು ನನಗೆ ಒಂದು ವಾರ ಬೇಕು. ಈ ಸಲ ಲೇಟು ಮಾಡುವುದಿಲ್ಲ ಮಗಾ.

ಅಪ್ಪ

*

ಅಲ್ ಥುಮಾಮಾ
21 ಮಾರ್ಚ್ 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಊರಿನಿಂದ ಇಲ್ಲಿಗೆ ತಲುಪಿ ಒಂದು ತಿಂಗಳಾದರೂ ಬರೆಯಲು ಆಗಲಿಲ್ಲ. ಅವಳನ್ನು ಊರಿಗೆ ತಂದ ಮೇಲೆ ನಾವಿಬ್ಬರೂ ಹದಿನೈದು ದಿನ ಒಂದೇ ಜಗಲಿಯಲ್ಲಿ ಕೂತಿದ್ದೆವು. ಮಾತಿಗೆ ಅಂತ ಪೂವಕ್ಕ ನೋಟ್‌ಬುಕ್ಕು ಪೆನ್ನು ತಂದು ನಡುವೆ ಇಟ್ಟಿದ್ದರು. ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಬರೆಯಬೇಕಾದದ್ದು ಎರಡು ಇತ್ತು.

ಮೊದಲನೆಯದು. ನಿಮ್ಮ ಕೊನೆಯ ಕಾಗದ ಇಲ್ಲಿಗೆ ಬಂದದ್ದು ಫೆಬ್ರವರಿ ಎರಡಕ್ಕೆ. ಅವಳು ಹೋದದ್ದು ಒಂದನೆಯ ತಾರೀಕು ಬೆಳಿಗ್ಗೆ. ಆದರೆ ನೀವು ಬರುವ ಸುದ್ದಿಯನ್ನು ಪೂವಕ್ಕ ಫೋನಿನಲ್ಲಿ ಹೇಳಿದ್ದರು. ಗಾಡಿ ತೊಳೆಸಿ ಅಂದಳು. ನಾನು ತೊಳೆಯುವುದನ್ನು ಕಿಟಕಿಯಿಂದ ನೋಡಿದಳು. ನೀವು ತಡ ಮಾಡಿದಿರಿ ಅಂತ ಅವಳು ಒಮ್ಮೆಯೂ ಹೇಳಲಿಲ್ಲ, ಅದನ್ನು ನೀವು ನಂಬಬೇಕು.

ಎರಡನೆಯದು. ನಿಮಗೆ ಗೊತ್ತಾಗಿದೆ ಅಂತ ಅವಳಿಗೆ ಡಿಸೆಂಬರಿನಲ್ಲೇ ಗೊತ್ತಿತ್ತು. ನಾನು ಹೇಳಿದ್ದಲ್ಲ. ನಿಮ್ಮ ಎಂಟು ಬಾಯಿಯ ಎಮ್ಮೆಯ ಕಾಗದವನ್ನು ಓದಿ ಬಹಳ ನಕ್ಕಳು. ಆಮೇಲೆ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ಮತ್ತೆ ಮುಂದೆ ತಿರುಗಿಸಿದಳು. "ಎಣ್ಣೆ ಕೇಳ್ಲಿಲ್ಲ" ಅಂದಳು. ಜೂಲಿಯೆಟ್ ಕೈಯಲ್ಲಿ ಕಳಿಸಿದ್ದೇವಲ್ಲ, ಅದಕ್ಕೇ ಇರಬೇಕು ಅಂದೆ. ಮೊಣಕಾಲಿಗೆ ಇಡೀ ಬಾಟಲಿ ಸುರಿದುಕೊಳ್ಳುವವರು ನೀವು, ಕಪಾಟಿನಲ್ಲಿ ಹತ್ತು ಇದ್ದರೂ ಬರುವಾಗ ಎರಡು ತಾ ಅನ್ನುವವರಂತೆ. ನಾವು ಊರಿಗೆ ಬರುತ್ತೇವೆ ಅನ್ನುವ ನಂಬಿಕೆ ಇಲ್ಲದೆ ನಿಮ್ಮ ಒಂದು ಕಾಗದವೂ ಮುಗಿದದ್ದಿಲ್ಲವಂತೆ. "ಅಪ್ಪನಿಗೆ ಗೊತ್ತಾಗಿದೆ. ಆದ್ರೂ ಬೈದಿದ್ದಾರೆ ನೋಡಿ" ಅಂತ ಆ ಹಾಳೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ನಿಮಗೆ ತಿಳಿಸಬೇಡಿ ಅಂದಳು. ಅವಳ ಮಾತು ಮೀರಿ ಈಗ ತಿಳಿಸುತ್ತಿದ್ದೇನೆ.

ಪಿಕಪ್ ಮನೆಯ ಮುಂದೆಯೇ ನಿಂತಿದೆ. ನಾನು ಮುಶೈರಿಬ್‌ನ ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಮಾರಿಬಿಡು ಅಂತ ಸಲಾಂ ಹೇಳುತ್ತಾನೆ, ಗಿರಾಕಿಯನ್ನೂ ನೋಡಿಟ್ಟಿದ್ದಾನೆ. ನಿಮ್ಮ ಮಾತು ಕೇಳಿ ಡೀಸೆಲ್ ತೆಗೆದುಕೊಂಡಿದ್ದರೆ ಅವಳು ಮೊದಲ ದಿನದಿಂದಲೇ ನಿದ್ದೆ ಮಾಡುತ್ತಿದ್ದಳೋ ಏನೋ ಅಂತ ಒಂದೊಂದು ಸಲ ಅನಿಸುತ್ತದೆ. ಬಾಗಿಲು ತೆರೆದರೆ ಸೀಟಿನ ಮೇಲೆ ಆ ಮೂರು ದಿಂಬು ಕಾಣುತ್ತವೆ, ಮತ್ತೆ ಮುಚ್ಚುತ್ತೇನೆ. ಏನು ಮಾಡಲಿ ಬರೆಯಿರಿ.

ಪೃಥ್ವಿ

*

ಮಲ್ಪೆ
6 ಏಪ್ರಿಲ್ 2025

ಚಿರಂಜೀವಿ ಪೃಥ್ವಿಗೆ ಆಶೀರ್ವಾದ.

ನಿನ್ನ ಕಾಗದವನ್ನು ದಕ್ಕೆಗೆ ತೆಗೆದುಕೊಂಡು ಹೋಗಿ ಓದಿದೆ. ಮನೆಯಲ್ಲಿ ಓದಿದರೆ ಪೂವಕ್ಕ ನನ್ನ ಮುಖವನ್ನೇ ನೋಡುತ್ತಾಳೆ. ಅಳು ಬಂತು, ಅತ್ತೆ. ಅಲ್ಲಿ ಎಂಜಿನ್ನುಗಳ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಕ್ಕಿಲ್ಲ. ನನಗೂ ಕೇಳಿಸಲಿಲ್ಲ.

ಡೀಸೆಲ್ ತೆಗೆದುಕೊಂಡಿದ್ದರೆ ಅಂತ ಯೋಚಿಸಬೇಡ. ತೆಗೆದುಕೊಂಡಿದ್ದರೆ ಅವಳು ದಾರಿಯಲ್ಲೇ ಸಾಕು ತಿರುಗಿಸಿ ಅನ್ನುತ್ತಿದ್ದಳು, ಸಮುದ್ರ ಕಾಣುತ್ತಿರಲಿಲ್ಲ. ನಲವತ್ತೈದು ವರ್ಷ ಡೀಸೆಲ್ ಡೀಸೆಲ್ ಅಂದ ನಾನೇ ಹೇಳುತ್ತೇನೆ, ನೀನು ತೆಗೆದದ್ದು ಸರಿಯಾದ ಗಾಡಿ. ಜನರೇಟರಿನ ಪುಣ್ಯ ಯಾರದ್ದೋ, ಅವರು ಚೆನ್ನಾಗಿರಲಿ.

ಸಲಾಂನ ಗಿರಾಕಿಯನ್ನು ಕಳಿಸಿಬಿಡು. ನನ್ನ ಮಗಳನ್ನು ನೋಯಿಸದೆ ಕರೆದುಕೊಂಡು ಹೋದ ಗಾಡಿ ಅದು, ಕಂಡವರ ಕೈಗೆ ಹೋಗುವುದು ಬೇಡ. ನಿಲ್ಲಿಸಿಯೂ ಇಡಬೇಡ. ಓಡದ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲ್ ಹಾಳಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಟಯರು ನಿಂತಲ್ಲೇ ಚಪ್ಪಟೆಯಾಗುತ್ತದೆ. ಬಸ್ಸು ಬಿಟ್ಟು ಅದರಲ್ಲೇ ಆಫೀಸಿಗೆ ಹೋಗು. ದಿಂಬನ್ನು ತೆಗೆಯಬೇಕು ಅಂತಿಲ್ಲ.

ಆ ಹಲಗೆಯನ್ನು ಅಟ್ಟದಿಂದ ಇಳಿಸಿ ಒಂದು ಬೆಂಚು ಮಾಡಿದೆ. ಜಗಲಿಯಲ್ಲಿ ಹಾಕಿದ್ದೇನೆ. ನನ್ನ ಪಾಸ್‌ಪೋರ್ಟ್ ಒಂದು ಸೀಲೂ ಬೀಳದೆ ಪೆಟ್ಟಿಗೆಯಲ್ಲಿ ಕೂತಿದೆ. ಬರುವ ಚಳಿಗಾಲ ಬರುತ್ತೇನೆ. ಸಮುದ್ರದ ಪಕ್ಕ ಅವಳು ಮಲಗಿದ ಜಾಗಕ್ಕೆ ನನ್ನನ್ನೂ ನಲವತ್ತರ ಮೇಲೆ ಹೋಗದೆ ಕರೆದುಕೊಂಡು ಹೋಗು. ಹಿಂದಿನವರು ಹಾರ್ನ್ ಹೊಡೆದರೆ ನನಗೆ ಹೇಗೂ ಕೇಳಿಸುವುದಿಲ್ಲ.

ಈಗ ಇನ್ನೊಮ್ಮೆ ಕೇಳುತ್ತೇನೆ. ಎಷ್ಟು ವರ್ಷ ಓಡಿಸುತ್ತೀಯ? ಈ ಸಲ ಒಂದು ಚಳಿಗಾಲ ಅಂತ ಬರೆದರೆ ನಾನು ಒಪ್ಪುವುದಿಲ್ಲ. ನನಗೆ ನೀನೊಬ್ಬನೇ ಇರುವುದು.

ಲಕೋಟೆ ಅಂಟಿಸಿಲ್ಲ, ನೌಶಾದ್ ಬೇಕಾದರೆ ಓದಲಿ. ಊರಿಗೆ ಬರುವಾಗ ಆ ಹಸಿರು ನೋವಿನೆಣ್ಣೆ ಎರಡು ಬಾಟಲಿ ತರುವುದು.

ಅಪ್ಪ